ನೂರ ಇಪ್ಪತ್ತಾರನೇ ಕಟ್ಟು

ರಾಜಘಟ್ಟದಿಂದ ಸುದ್ದಿ ಬಂದಾಗ ನಾನು ನೂಲಿಗೆ ಹಾಕೋ ಗಂಜಿ ಕಾಯಿಸ್ತಾ ಇದ್ದೆ. ತಂದವನು ಹುಣಿಸೇಹಣ್ಣಿನ ಗಾಡಿಯವನು. ನಿಮ್ಮ ಬೀದೀಲಿ ಹಾಸು ಹಾಕ್ತಿದ್ದ ಹಿರಿಯರು ಮೊನ್ನೆ ಹೋಗ್ಬಿಟ್ರಂತೆ ಅಂತ, ಹಣ್ಣಿನ ಬೆಲೆ ಹೇಳಿದ ಹಾಗೇ ಹೇಳಿ ಎತ್ತು ಹೊಡ್ಕೊಂಡು ಮುಂದಕ್ಕೆ ಹೋದ. ನಮ್ಮ ನೇಕಾರರ ಬೀದೀಲಿ ಯಾರಾದರೂ ಸತ್ತರೆ ಹೆಣ ಎತ್ತೋವರೆಗೂ ಮಗ್ಗ ಆಡಿಸೋ ಹಾಗಿಲ್ಲ. ಆದರೆ ಇವರು ಸತ್ತಿದ್ದು ಮಗಳ ಊರಲ್ಲಿ, ಸತ್ತು ಆಗಲೇ ಎರಡು ದಿನ. ಹಾಗಾಗಿ ಒಂದು ಮಗ್ಗವೂ ನಿಲ್ಲಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಒಳಗೆ ಹೋಗಿ ನಮ್ಮೆಜಮಾನರ ಮುಂದಿನ ಲಾಳಿ ಎತ್ತಿಕೊಂಡೆ. ಏನೇ ಬಂತು ನಿಂಗೆ ಅಂದರು. ಹೇಳಿದೆ. ಅವರು ಮಗ್ಗದ ಗುಂಡಿಯಿಂದ ಕಾಲು ಮೇಲಕ್ಕೆ ತಗೊಂಡು ಕೂತರು. ಇಡೀ ದೊಡ್ಡಬಳ್ಳಾಪುರದಲ್ಲಿ ಅವರಿಗಾಗಿ ನಿಂತಿದ್ದು ಅದೊಂದೇ ಮಗ್ಗ. ಅದೂ ಊಟದ ಹೊತ್ತಿನ ತನಕ.

ಹೆಸರು ಹೇಳೋದಿಲ್ಲ ಬಿಡಿ. ಹೆಸರು ಹಿಡಿದು ಅವರನ್ನ ಯಾರಾದರೂ ಕರೆದದ್ದನ್ನ ನಾನು ಕೇಳೇ ಇಲ್ಲ. ಬೀದಿಗೆಲ್ಲ ಅವರು ನಲವತ್ತಣ್ಣ. ಎದುರಿಗೆ ಅಣ್ಣ, ಬೆನ್ನ ಹಿಂದೆ ನಲವತ್ತಣ್ಣ. ತೆಳ್ಳಗೆ ಉದ್ದಕ್ಕೆ ಇದ್ದರು. ಪಂಚೆ ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟೋರು, ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಕತ್ತರಿಸೋರಲ್ಲ. ಬಟ್ಟೆ ಮೇಲೆ ಆ ಉಗುರು ಎಳೆದರೆ ಕಣ್ಣಿಗೆ ಕಾಣದ ತಪ್ಪು ಅವರಿಗೆ ಸಿಕ್ಕಿಬೀಳೋದು.

ಬೀದಿಯ ಮಗ್ಗಗಳಿಗೆಲ್ಲ ಹಾಸು, ಅಂದರೆ ಸೀರೆಯ ಉದ್ದದ ಎಳೆ, ಹಾಕೋದು ಅವರ ಕೆಲಸ. ಬೆಳಿಗ್ಗೆ ಬಿಸಿಲು ಏರೋ ಮುಂಚೆ ಬೀದಿಯ ಈ ತುದಿಗೊಂದು ಆ ತುದಿಗೊಂದು ಗೂಟ ನೆಟ್ಟು, ನೂಲಿನ ಉಂಡೆ ಹಿಡ್ಕೊಂಡು ನಡೆಯೋದು, ಗೂಟಕ್ಕೆ ಸುತ್ತೋದು, ತಿರುಗಿ ಬರೋದು. ಅವರು ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ. ಮದುವೆಯಾಗಿ ಬಂದ ವರ್ಷದಿಂದ ಅವರ ಎದುರು ನಡೆದಿದ್ದೀನಿ. ಹಾಗೆ ನಡೆದದ್ದನ್ನೆಲ್ಲ ನೆಟ್ಟಗೆ ನಡೆದಿದ್ದರೆ ಕಾಶಿಗೆ ಹೋಗಿ ಬರಬಹುದಿತ್ತು, ಹಿಮ್ಮಡಿ ನೋವೊಂದೇ ಲಾಭ. ನಲವತ್ತು ಎಳೆ ಆದ ಕೂಡಲೇ ಕೆಂಪು ದಾರದಲ್ಲಿ ಒಂದು ಕಟ್ಟು ಹಾಕೋರು. ಕಟ್ಟಿನ ಲೆಕ್ಕ ರಾಗವಾಗಿ ಹೇಳೋರು. ಮೊದಲನೆಯದಕ್ಕೆ ಒಂದು ಅನ್ನದೆ 'ಲಾಭ' ಅಂತ ಶುರುಮಾಡಿದರೆ ಆ ದನಿ ಬಾವಿಕಟ್ಟೆಯವರೆಗೂ ಕೇಳೋದು. ನೂರ ಇಪ್ಪತ್ತೈದು ಕಟ್ಟಾದರೆ ಐದು ಸಾವಿರ ಎಳೆ. ಬೇರೆ ಬೀದಿಯವರೆಲ್ಲ ಸೀರೆಯ ಒಡಲಿಗೆ ಅಷ್ಟು ಸಾಕು ಅಂತ ನಿಲ್ಲಿಸೋರು. ಇವರು ನಿಲ್ಲಿಸೋರಲ್ಲ. ನೂರ ಇಪ್ಪತ್ತಾರನೇ ಕಟ್ಟನ್ನ ಎಲ್ಲಕ್ಕಿಂತ ಜೋರಾಗಿ ಹಾಡಿ ಮುಗಿಸೋರು. ಒಟ್ಟು ಐದು ಸಾವಿರದ ನಲವತ್ತು. ಆ ಮೇಲಿನ ನಲವತ್ತೇ ಅವರಿಗೆ ಹೆಸರಾಯಿತು.

ಸಂಖ್ಯೆ ಅಂದರೆ ನನಗೆ ಸಂತೆ ಲೆಕ್ಕ ಅಷ್ಟೇ. ಆದರೆ ಅವರು ಹೇಳಿದ್ದನ್ನೇ ಹೇಳೀ ಹೇಳೀ ಆ ಒಂದು ಸಂಖ್ಯೆಯ ಹುಟ್ಟುಗುಣವೆಲ್ಲ ನನ್ನ ತಲೇಲಿ ಕೂತುಬಿಟ್ಟಿದೆ, ಏಳು ಅಂದರೆ ಏಳೋದಿಲ್ಲ. ಒಂದರಿಂದ ಏಳರವರೆಗೆ ಗುಣಿಸ್ತಾ ಹೋಗಿ, ಐದು ಸಾವಿರದ ನಲವತ್ತು ಬರುತ್ತೆ. ಅದು ಬೇಡ, ಏಳು, ಎಂಟು, ಒಂಬತ್ತು, ಹತ್ತು ಇಷ್ಟನ್ನೇ ಗುಣಿಸಿ, ಆಗಲೂ ಅದೇ. ಕೆಳಗಿನಿಂದ ಹತ್ತಿದರೂ ಅದೇ ಮನೆ, ಮೇಲಿನಿಂದ ಇಳಿದರೂ ಅದೇ ಮನೆ ಅನ್ನೋರು. ಅರ್ಧ ಮಾಡಿದರೆ ಬರೋ ಎರಡು ಸಾವಿರದ ಐನೂರ ಇಪ್ಪತ್ತು ಇದೆಯಲ್ಲ, ಒಂದರಿಂದ ಹತ್ತರವರೆಗೆ ಯಾರು ಬಂದರೂ ಸಮ ಪಾಲು ಕೊಡೋ ಸಂಖ್ಯೆಗಳಲ್ಲಿ ಅದೇ ಎಲ್ಲಕ್ಕಿಂತ ಚಿಕ್ಕದಂತೆ.

ಇದೆಲ್ಲ ಬರೀ ಬಾಯಿಚಪಲ ಅಂದ್ಕೋಬೇಡಿ. ನಮ್ಮಲ್ಲಿ ಪಟ್ಟೆ ಸೀರೆಯೇ ಹೆಚ್ಚು. ಮೂರು ಪಟ್ಟೆ, ಏಳು ಪಟ್ಟೆ, ಒಂಬತ್ತು, ಹನ್ನೆರಡು ಅಂತ ಬೆಂಗಳೂರು ಪೇಟೆಯವರು ದಿನಕ್ಕೊಂದು ಕೇಳೋರು. ಐದು ಸಾವಿರದ ನಲವತ್ತು ಎಳೆಯನ್ನ ಇವಕ್ಕೆಲ್ಲ ಸಮವಾಗಿ ಹಂಚಬಹುದು, ಒಂದೆಳೆ ಮಿಗೋದಿಲ್ಲ. ಹಾಗೆ ಹಂಚೋ ದಾರಿ ಒಟ್ಟು ಅರವತ್ತು ಅಂತ ಲೆಕ್ಕ ಹಾಕಿ, ಅರವತ್ತಕ್ಕೂ ಸಂವತ್ಸರದ ಹೆಸರಿಟ್ಟಿದ್ದರು ಪುಣ್ಯಾತ್ಮ. ಒಂದು ಅಂದರೆ ಪ್ರಭವ, ಎರಡು ವಿಭವ, ಏಳು ಶ್ರೀಮುಖ. ಕೊನೆಯದು, ಅಂದರೆ ಐದು ಸಾವಿರದ ನಲವತ್ತು ತಾನೇ, ಅಕ್ಷಯ. ಇವತ್ತು ಯಾವ ಸೀರೆ ಅಣ್ಣಾ ಅಂದರೆ ಶ್ರೀಮುಖ ಅನ್ನೋರು, ನಾನು ಏಳು ಬಣ್ಣದ ಉಂಡೆ ತೆಗೆದಿಡ್ತಿದ್ದೆ.

ಒಂದು ಸಲ ನಮ್ಮೆಜಮಾನರು ಕೆಣಕೋಕೆ ಅಂತ, ಹನ್ನೊಂದು ಪಟ್ಟೆ ಮಾಡಿಕೊಡಿ ಅಂದರು. ಅಣ್ಣನ ಮುಖ ಸಣ್ಣಗಾಯಿತು. ಹನ್ನೊಂದಕ್ಕೆ ಎರಡು ಮಿಗುತ್ತೆ ಅಂತ ತಗ್ಗಿದ ದನೀಲಿ ಒಪ್ಪಿಕೊಂಡು, ಆಮೇಲೆ ಹನ್ನೊಂದು ಪಟ್ಟೆ ಸೀರೆ ಯಾವ ಗೃಹಸ್ಥೆ ಉಡ್ತಾಳಯ್ಯಾ ಅಂತ ಜಗಳಕ್ಕೇ ಬಂದರು. ಮೂರು ದಿನ ನಮ್ಮನೆ ಕಡೆ ತಿರುಗಿ ನೋಡಲಿಲ್ಲ.

ಆ ಸಂಖ್ಯೆಯ ನೆರೆಹೊರೆಯ ಕತೆಯನ್ನೂ ಹೇಳೋರು. ಒಂದೆಳೆ ಕಮ್ಮಿಯಾಗಿ ಐದು ಸಾವಿರದ ಮೂವತ್ತೊಂಬತ್ತಾದರೆ ಮುಗೀತು, ಅದು ಯಾರ ಜೊತೆಗೂ ಸೇರೋದಿಲ್ಲ. ಎರಡಕ್ಕಿಲ್ಲ, ಮೂರಕ್ಕಿಲ್ಲ, ಏಳಕ್ಕಿಲ್ಲ, ಯಾವುದಕ್ಕೂ ಇಲ್ಲ. ಒಂದನ್ನೂ ತನ್ನನ್ನೂ ಬಿಟ್ಟು ಇನ್ನಾರಿಗೂ ಸಮ ಪಾಲು ಕೊಡದ ಸಂಖ್ಯೆ. ಒಂದೆಳೆ ಜಾಸ್ತಿಯಾಯಿತೋ, ಅದು ಎಪ್ಪತ್ತೊಂದು ಎಪ್ಪತ್ತೊಂದಲ, ಎಪ್ಪತ್ತೊಂದು ಬಂದು ಕೂಗಿದರೆ ಮಾತ್ರ ಕದ ತೆಗೆಯುತ್ತೆ. ಇಂಥವರ ನಡುವೆ ಇದ್ದುಕೊಂಡು ನಮ್ಮದು ಯಾರು ಬಂದರೂ ಮಣೆ ಹಾಕುತ್ತೆ ನೋಡು ತಂಗಿ ಅನ್ನೋರು. ಇದನ್ನ ಅವರ ಹೆಂಡತಿಗೆ ಹೇಳಿದೆ. ಅಕ್ಕ ರಾಗಿ ಕೇರ್ತಾ ಇದ್ದರು. ಮೊರ ನಿಲ್ಲಿಸದೆ, ಆ ಯಾರಿಗೂ ಸೇರದ ಪಕ್ಕದ ಮನೆಯವರನ್ನ ನಾನು ಕಟ್ಕೊಂಡಿದ್ದೀನಲ್ಲಮ್ಮ ಅಂದರು.

ಸುಳ್ಳಲ್ಲ. ತಮ್ಮನ ಜೊತೆ ಮಾತಿಲ್ಲ, ಬೀಗರ ಜೊತೆ ಮಾತಿಲ್ಲ. ಹಾಸು ದಾಟಿಕೊಂಡು ಹೋದ ಅಂತ ಬೀದಿಯ ಯಜಮಾನರ ಅಳಿಯನನ್ನೇ ಬೈದು ಕಳಿಸಿದ್ದರು. ನನ್ನನ್ನೂ ಬಿಟ್ಟವರಲ್ಲ. ಬಸುರಿಯಾಗಿದ್ದಾಗ ಒಂದು ದಿನ ತಲೆಸುತ್ತು ಬಂದು ಗೂಟ ಹಿಡ್ಕೊಂಡು ನಿಂತರೆ, ಎಳೆ ಸಡಿಲ ಬಿಟ್ಟೆ ಅಂತ ಸಿಡುಕಿದರು. ಮಧ್ಯಾಹ್ನ ಅಕ್ಕನ ಕೈಲಿ ಮಜ್ಜಿಗೆ ಕಳಿಸಿದರು. ಅಂಥಾ ಮನುಷ್ಯ.

ಚಿತ್ರಭಾನು ಸಂವತ್ಸರದಲ್ಲಿ, ಯುದ್ಧ ಎಲ್ಲೋ ನಡೀತಾ ಇದ್ದಾಗ, ನಮ್ಮ ಬೀದಿಗೆ ನೂಲು ಬರೋದು ಕಮ್ಮಿಯಾಯಿತು. ಕಂಟ್ರೋಲು ಅಂದರು. ಸಿಕ್ಕಷ್ಟನ್ನೇ ಮನೆ ಮನೆಗೆ ಹಂಚೋದು. ನೂಲು ತರಿಸಿ ಸೀರೆ ಮಾರಿಸೋ ಬೀದಿಯ ಯಜಮಾನರು ಒಂದು ದಿನ ತಮ್ಮ ಜಗಲಿ ಮೇಲೆ ಎಲ್ಲರನ್ನೂ ಕೂಡಿಸಿದರು. ಒಳ್ಳೇ ಮನುಷ್ಯರೇ, ನಾನು ಇಲ್ಲ ಅನ್ನೋದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಆ ನಲವತ್ತು ಬಿಡೋಣ, ಐದು ಸಾವಿರ ಮಾಡೋಣ, ನೂರ ಇಪ್ಪತ್ತೈದು ಹಾಸಲ್ಲಿ ಉಳಿಸಿದ ನೂಲಲ್ಲಿ ಇನ್ನೊಂದು ಹಾಸಾಗುತ್ತೆ ಅಂದರು. ಅಣ್ಣ ಮನಸ್ಸಲ್ಲೇ ಗುಣಿಸಿ ನೋಡಿದ್ದು ನನಗೆ ಕಂಡಿತು. ಲೆಕ್ಕ ಸರಿಯಾಗಿತ್ತು. ಅದೇ ಅವರಿಗೆ ತಡೆಯಲಾಗಲಿಲ್ಲ.

ಐದು ಸಾವಿರಕ್ಕೆ ಇರೋದು ಇಪ್ಪತ್ತೇ ದಾರಿ ಅಂತ ಎದ್ದು ನಿಂತರು. ಮೂರಕ್ಕೆ ಎರಡು ಮಿಗುತ್ತೆ, ಏಳಕ್ಕೆ ಎರಡು ಮಿಗುತ್ತೆ, ಒಂಬತ್ತಕ್ಕೆ ಐದು ಮಿಗುತ್ತೆ, ಮಿಕ್ಕ ಎಳೆ ಎಲ್ಲಿ ಹಾಕ್ತೀರಿ? ಬಿಟ್ಟರೆ ಒಡಲಿಗೂ ಅಂಚಿಗೂ ನಡುವೆ ಸಂದು ಬೀಳುತ್ತೆ. ಯಾವುದಾದರೂ ಪಟ್ಟೆಗೆ ಸೇರಿಸಿದರೆ ಆ ಪಟ್ಟೆ ದಪ್ಪ. ಯಜಮಾನರು, ಅಂಚಿನ ಪಕ್ಕ ತೂರಿಸಿದ್ರಾಯ್ತು, ಯಾರಿಗೆ ಕಾಣುತ್ತೆ ಅಂದರು.

"ಉಡೋರಿಗೆ ಕಾಣುತ್ತೆ. ಸೀರೆ ವಾಪಸ್ ಬರುತ್ತೆ."

"ಬರಲಿ ಕಣಪ್ಪಾ. ಆ ಮಿಕ್ಕ ಎಳೆಗೋಸ್ಕರ ಒಂದೇ ಒಂದು ಸೀರೆ ವಾಪಸ್ ಬರಲಿ. ಅವತ್ತೇ ನಿನ್ನ ನಲವತ್ತು ನಿನಗೆ ವಾಪಸ್ ಕೊಡ್ತೀನಿ. ಬೀದಿ ಮುಂದೆ ಹೇಳ್ತಿದ್ದೀನಿ."

ಅಣ್ಣ ಮನೆಗೆ ಹೋಗಿ ಮಲಗಿದರು. ನಾಲ್ಕೈದು ದಿನ ಗೂಟ ನೆಡಲಿಲ್ಲ. ಇವರು ಮಾಡದಿದ್ದರೆ ಪಕ್ಕದ ಬೀದಿಯವನ ಕೈಲಿ ಹಾಕಿಸ್ತೀವಿ ಅಂತ ಮಾತು ಹೊರಟಿತು. ಆಗ ಅಕ್ಕ ಮುಂದೆ ಖಾಲಿ ತಟ್ಟೆ ಇಟ್ಟು, "ಆ ನಲವತ್ತು ಎಳೆ ಬೇಯಿಸಿ ಬಡಿಸ್ಲಾ?" ಅಂತ ಕೇಳಿದರಂತೆ. ಮಾರನೇ ಬೆಳಿಗ್ಗೆ ಬಂದು ಗೂಟ ನೆಟ್ಟರು. ಅವತ್ತು ನೂರ ಇಪ್ಪತ್ತೈದನೇ ಕಟ್ಟು ಕಟ್ಟಿ, ಕೆಂಪು ದಾರದ ತುದಿ ಹಿಡ್ಕೊಂಡು ನಿಂತರು. ಮುಂದಿನ ಎಳೆಗೆ ನಾನೂ ಅಭ್ಯಾಸಬಲದಿಂದ ಉಂಡೆ ಎತ್ತಿದ್ದೆ. ಸಾಕು ತಂಗಿ ಅಂದರು. ಅವತ್ತಿಂದ ಕಟ್ಟಿನ ಲೆಕ್ಕ ಹಾಡಲಿಲ್ಲ. ಬಾಯೊಳಗೇ ಎಣಿಸೋರು. ಬಾವಿಕಟ್ಟೆಯ ಹೆಂಗಸರು, ಯಾಕೆ ಈಗ ಹಾಸು ಹಾಕ್ತಿಲ್ವಾ ಅಂತ ನನ್ನ ಕೇಳ್ತಿದ್ದರು.

ಆದರೆ ಒಂದು ಹಟ ಮಾತ್ರ ಬಿಡಲಿಲ್ಲ. ಏಳು ಪಟ್ಟೆಯಲ್ಲಿ ಮಿಕ್ಕ ಎರಡು ಎಳೆಯನ್ನ ಬಿಳಿ ನೂಲಲ್ಲೇ ಹಾಕಬೇಕು, ಎರಡನ್ನೂ ಒಂದೇ ಅಂಚಿನ ಪಕ್ಕ ಹಾಕಬೇಕು ಅಂದರು. ಮಿಕ್ಕಿದ್ದು ಮಿಕ್ಕಿದ್ದು ಅಂತಲೇ ಕಾಣಲಿ ಅಂದರು. ಯಜಮಾನರು ನಕ್ಕು, ಆಯಿತಪ್ಪ ಅಂದರು. ಅಣ್ಣನ ಹುನ್ನಾರ ನನಗೆ ಗೊತ್ತಾಯಿತು. ಸೀರೆ ವಾಪಸ್ ಬರಲಿ ಅಂತಲೇ ಬಿಳಿ ಹಾಕಿಸಿದ್ದು. ಕೆಂಪು ಪಟ್ಟೆಗೂ ಹಸಿರು ಅಂಚಿಗೂ ನಡುವೆ, ಒಂದೇ ಕಡೆ, ಕೂದಲಷ್ಟು ಸಣ್ಣ ಬಿಳಿ ಗೆರೆ.

ವಾರ ವಾರ ನನ್ನ ಕೇಳೋರು. ಬಂತಾ? ಇಲ್ಲಣ್ಣ. ಯಜಮಾನರನ್ನ ಕೇಳೋಕೆ ಅವರಿಗೆ ಮಾನ ಅಡ್ಡ ಬರೋದು, ಅದಕ್ಕೆ ನನ್ನನ್ನ. ಅಜ್ಜಿಗೆ ಅರಿವೆ ಚಿಂತೆ, ಮಗಳಿಗೆ ಗಂಡನ ಚಿಂತೆ ಅನ್ನೋ ಹಾಗೆ, ಊರಿಗೆಲ್ಲ ಅಕ್ಕಿ ರಾಗಿಯ ಚಿಂತೆ, ಇವರಿಗೆ ಇದು. ಬೆಂಗಳೂರಿಗೆ ಹೋದ ಸೀರೆ, ದೇವನಹಳ್ಳಿಗೆ ಹೋದ ಸೀರೆ, ಹೊಸಕೋಟೆ ಸಂತೇಲಿ ಮಾರಿದ ಸೀರೆ, ಒಂದೂ ವಾಪಸ್ ಬರಲಿಲ್ಲ. ಸೀರೆ ಸಿಕ್ಕಿದ್ದೇ ಹೆಚ್ಚು ಅನ್ನೋ ಕಾಲ, ಯಾರು ಗೆರೆ ನೋಡ್ತಾರೆ? ಒಂದು ಸಲ ನಮ್ಮ ಮಗ್ಗದಿಂದ ಇಳಿಸಿದ ಸೀರೆ ಮೇಲೆ ಆ ಉಗುರು ಎಳೆದು, ಬಿಳಿ ಎಳೆ ಹತ್ತಿರ ನಿಲ್ಲಿಸಿದರು.

"ಬಿಳಿ ಹಾಕಿದ್ರೂ ಯಾರಿಗೂ ಕಾಣ್ಲಿಲ್ವಲ್ಲ ತಂಗಿ."

ಸೀರೆ ಕೆಟ್ಟಿದ್ದರೆ ಆ ಮನುಷ್ಯ ತಡ್ಕೋತಿದ್ದರು. ಕೆಡದೇ ಹೋದದ್ದು ತಡೆಯಲಾಗಲಿಲ್ಲ. ಆಮೇಲಾಮೇಲೆ ಕೇಳೋದನ್ನೂ ಬಿಟ್ಟರು. ನಾನೇ ಇಲ್ಲ ಅನ್ನೋ ಹಾಗೆ ತಲೆ ಆಡಿಸಿದರೆ ನೋಡಿ ಗೂಟದ ಕಡೆ ತಿರುಗೋರು. ಯುದ್ಧ ಮುಗೀತು, ನೂಲಿನ ಬರ ಮುಗೀಲಿಲ್ಲ. ಅಷ್ಟರಲ್ಲಿ ಯಜಮಾನರು ಬೀದಿಯ ಮಗ್ಗಗಳ ಬಾಚಣಿಗೆಯಂಥ ಅಚ್ಚುಗಳನ್ನೆಲ್ಲ ಐದು ಸಾವಿರಕ್ಕೇ ಮಾಡಿಸಿದ್ದರು. ಎಳೆ ಹಾಯೋ ಹಲ್ಲೇ ಇಲ್ಲದ ಮೇಲೆ ನಲವತ್ತು ಹಾಕಿದರೂ ಎಲ್ಲಿ ಕೂರಬೇಕು? ಅಕ್ಕ ತೀರಿಕೊಂಡರು. ಅಣ್ಣನಿಗೆ ಕಣ್ಣು ಮಂಜಾಯಿತು, ಮಗಳು ಬಂದು ರಾಜಘಟ್ಟಕ್ಕೆ ಕರ್ಕೊಂಡು ಹೋದಳು. ಹೋಗೋ ದಿನ ಗೂಟ ಎರಡನ್ನೂ ನಮ್ಮ ಹಿತ್ತಲಲ್ಲಿ ಇಟ್ಟು ಹೋದರು.

ಕಂಟ್ರೋಲು ಬಂದು ನಾಲ್ಕು ವರ್ಷಕ್ಕೆ, ವ್ಯಯ ಸಂವತ್ಸರದಲ್ಲಿ, ಮಾಕಳಿದುರ್ಗದ ಕಡೆ ಹಳ್ಳಿಯ ಒಬ್ಬ ಹೆಂಗಸು ನಮ್ಮ ಬೀದಿ ಹುಡುಕಿಕೊಂಡು ಬಂದಳು. ಕಂಕುಳಲ್ಲಿ ಗಂಟು. ಯಜಮಾನರ ಜಗಲಿ ಮೇಲೆ ಬಿಚ್ಚಿದಳು. ನಮ್ಮದೇ ಏಳು ಪಟ್ಟೆ. ಮಗಳ ಮದುವೆಗೆ ತಗೊಂಡದ್ದು, ಮಡಿಚಿಡೋವಾಗ ಅಂಚಿಗೆ ಅಂಚು ಸೇರಿಸಿದರೆ ಒಂದು ಕಡೆ ಬಿಳಿ ಗೆರೆ, ಇನ್ನೊಂದು ಕಡೆ ಇಲ್ಲ, ಬೀಗಿತ್ತಿ ನೋಡಿ ಆಡಿಕೊಂಡಳು, ಬೇರೆ ಕೊಡಿ ಅಂದಳು. ನಾನು ಅಲ್ಲೇ ಇದ್ದೆ. ಆಯಮ್ಮನ ಕಾಲಿಗೆ ಬೀಳಬೇಕು ಅನ್ನಿಸಿತು ನನಗೆ. ಯಜಮಾನರು ಆ ಸೀರೆಯನ್ನ ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಆಡಿದ ಮಾತಿಗೆ ನಾನು ಇವತ್ತಿಗೂ ಅವರಿಗೆ ಕೈ ಮುಗೀತೀನಿ. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಬೀದಿ ಮುಂದೆ ಕೊಟ್ಟ ಮಾತು. ಅವನನ್ನ ಕೇಳ್ಕೊಂಡು ಬಾಮ್ಮ. ಬೇಕು ಅಂದರೆ ಅಚ್ಚೆಲ್ಲ ಬದಲಾಯಿಸೋಣ" ಅಂದರು.

ಆಯಮ್ಮನಿಗೆ ಬೇರೆ ಸೀರೆ ಕೊಟ್ಟು, ಆ ಸೀರೆ ನಾನು ಎತ್ತಿಕೊಂಡು ರಾಜಘಟ್ಟಕ್ಕೆ ನಡೆದೇ ಹೋದೆ. ದಾರಿಯುದ್ದಕ್ಕೂ ಏನೇನು ಹೇಳಬೇಕು ಅಂತ ಜೋಡಿಸ್ತಾ ಹೋದೆ. ಅಣ್ಣ ಮಗಳ ಮನೆ ಜಗಲಿ ಮೇಲೆ ಬಿಸಿಲಿಗೆ ಕೂತಿದ್ದರು. ಇನ್ನೂ ಸೊರಗಿದ್ದರು. ಬಂತು ಅಣ್ಣಾ ಅಂತ ಸೀರೆ ತೊಡೆ ಮೇಲೆ ಹಾಕಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ, ಯಜಮಾನರ ಮಾತನ್ನೂ ಹೇಳಿದೆ. ಅವರು ಉಗುರಲ್ಲಿ ಆ ಗೆರೆ ಹುಡುಕಿದರು. ಆಮೇಲೆ ಆ ಹೆಂಗಸು ಮಾಡಿದ ಹಾಗೇ ಅಂಚಿಗೆ ಅಂಚು ಸೇರಿಸಿ ಮಡಿಚಿದರು.

"ಆಯಮ್ಮನಿಗೆ ಬೇರೆ ಕೊಟ್ರಾ?"

ಕೊಟ್ವಿ ಅಂದೆ. ಈಗ ನೂಲು ಎಷ್ಟು ಸಿಗ್ತಿದೆ ಅಂತ ಕೇಳಿದರು. ಅಷ್ಟಕ್ಕಷ್ಟೇ ಅಂದೆ. ಅಚ್ಚು ಬದಲಾಯಿಸೋವರೆಗೆ ಮಗ್ಗ ಎಷ್ಟು ದಿನ ನಿಲ್ಲಬೇಕು ಅಂದರು. ನನಗೆ ರೇಗಿತು. ಅದನ್ನೆಲ್ಲ ನೀವ್ಯಾಕೆ ಕೇಳ್ತೀರಿ, ಗೆದ್ದಿದ್ದೀರಿ, ನಿಮ್ಮ ನಲವತ್ತು ತಗೊಳ್ಳಿ ಅಂದೆ. ಅವರು ಸೀರೆ ನನ್ನ ಕೈಗೆ ವಾಪಸ್ ಕೊಟ್ಟರು.

"ಬೇಡ ತಂಗಿ. ಎರಡು ಮಿಗುತ್ತಲ್ಲ, ಎರಡನ್ನೂ ಒಂದೇ ಕಡೆ ಹಾಕ್ಬೇಡಿ. ಈ ಅಂಚಿಗೊಂದು, ಆ ಅಂಚಿಗೊಂದು ಹಾಕಿ. ಬೇಕು ಅಂತಲೇ ನೇಯ್ದ ಗೆರೆ ಅಂದ್ಕೋತಾರೆ. ಇನ್ಯಾರೂ ವಾಪಸ್ ತರಲ್ಲ."

ಇದು ಯಾವಾಗ ಹೊಳೀತು ಅಣ್ಣಾ ಅಂದೆ.

"ಮೊದಲ ದಿನವೇ ಗೊತ್ತಿತ್ತು" ಅಂದರು.

ಎಂಥಾ ಕೋಪ ಬಂತು ಅಂತೀರಿ. ಅವರ ಮಗಳು ಕೊಟ್ಟ ನೀರನ್ನೂ ಕುಡೀದೆ ಎದ್ದು ಬಂದೆ. ಅರ್ಧ ದಾರೀಲಿ ಹುಣಿಸೇಮರದ ಕೆಳಗೆ ಕೂತು ಅತ್ತೆ. ಇಷ್ಟು ವರ್ಷ ಆ ಎರಡೆಳೆಯ ಗುಟ್ಟನ್ನ ಬಾಯಿ ಬಿಡದೆ ಇಟ್ಕೊಂಡಿದ್ದು ಅದೊಂದು ಸೀರೆ ಬರಲಿ ಅಂತ. ಬಂದಾಗ, ತಮ್ಮ ಸಂಖ್ಯೆಯನ್ನ ಸಾಯಿಸೋ ಉಪಾಯ ತಾವೇ ಹೇಳಿ ಕಳಿಸಿದರು. ಕೈಯಲ್ಲಿ ಕಸುವಿಲ್ಲದ್ದಕ್ಕೋ, ನಾಲ್ಕು ಮನೆ ಒಲೆ ಆರುತ್ತೆ ಅಂತಲೋ, ಇಲ್ಲಾ ಕಾದೂ ಕಾದೂ ಸಾಕಾಗಿತ್ತೋ, ನನಗೆ ಗೊತ್ತಿಲ್ಲ. ಆ ಪ್ರಶ್ನೆ ಕೇಳೋಕೆ ನಾನು ಮತ್ತೆ ಹೋಗಲಿಲ್ಲ, ಅವರೂ ಬರಲಿಲ್ಲ. ಹೇಳಿದ್ದನ್ನ ಯಜಮಾನರಿಗೆ ಒಪ್ಪಿಸಿದೆ. ಹಾಗೇ ಮಾಡಿದರು. ಪೇಟೆಯವರಿಗೆ ಎಷ್ಟು ಹಿಡಿಸಿತು ಅಂದರೆ, ಎರಡು ಕಡೆ ಬಿಳಿ ಗೆರೆ ಇರೋ ಬಳ್ಳಾಪುರದ ಸೀರೆಯೇ ಬೇಕು ಅಂತ ಕೇಳಿ ತಗೊಳ್ಳೋಕೆ ಶುರುಮಾಡಿದರು.

ಮೊನ್ನೆ, ಮಗ್ಗ ನಿಲ್ಲಿಸಿದ ದಿನ, ಊಟ ಆದ ಮೇಲೆ ಪಕ್ಕದ ಮನೆಗೆ ಹೋದೆ. ಹಿಂದೂಪುರದ ಕಡೆಯಿಂದ ಬಂದ ಹೊಸ ಸೊಸೆ ಗಂಡನ ಜೊತೆ ಕೂತು ಏಳು ಪಟ್ಟೆ ಹಾಸಿನ ಎಳೆ ಜೋಡಿಸ್ತಾ ಇದ್ದಳು. ಈ ಕಡೆ ಒಂದು ಬಿಳಿ, ಆ ಕಡೆ ಒಂದು ಬಿಳಿ ಯಾಕೆ ಅಂತ ಅವಳು ಕೇಳಿದಳು. ಅವನು ತಲೆ ಎತ್ತಲಿಲ್ಲ. ನಮ್ಮ ಬೀದೀಲಿ ಹಿಂದಿನಿಂದ ಬಂದ ಪದ್ಧತಿ ಕಣೇ ಅಂದ. ಅವಳ ಕೈಯಿಂದ ಆ ಬಿಳಿ ಎಳೆ ತಗೊಂಡು ನಾನೇ ಅಚ್ಚಿನ ಹಲ್ಲಿಗೆ ಹಾಯಿಸಿ ಕಟ್ಟಿದೆ.